ಕೊಟ್ಟಿಗೆ ಸೂರಿನ ಹಳೇ ಹೊದಿಕೆ ಬಿಚ್ಚುವ ಮುನ್ನ



ಮುಂದೆ ಓದುವ ಮೊದಲು ಒಮ್ಮೆ ಕೊಟ್ಟಿಗೆಗೆ ಹೋಗಿ ತಲೆ ಎತ್ತಿ ನೋಡಿ ಬನ್ನಿ. ಕೊಟ್ಟಿಗೆಯಲ್ಲಿ ನಾವೆಲ್ಲ ನೋಡುವುದು ಕೆಳಗೇ: ಸಗಣಿ, ಗಂಜಲ, ಗೊಂತು, ಕೆಚ್ಚಲು. ಮೇಲೆ ನೋಡುವುದು ಮಳೆಗೆ ಸೋರಿದಾಗ ಮಾತ್ರ. ಸಂಘದ ಊರುಗಳಿಗೆ ಚಿಕಿತ್ಸೆಗೆ ಹೋದಾಗ ನಾನು ಸುಮ್ಮನೆ ಮೇಲೆ ಕಣ್ಣಾಡಿಸುತ್ತೇನೆ. ಜಿಂಕ್ ಶೀಟಿನ ಕೆಳಗೆ ಬಿಸಿಲು ತಡೆಯಲೆಂದು ಕಟ್ಟಿದ ಥರ್ಮಾಕೋಲ್ ಅರ್ಧ ಜೋತು ಬಿದ್ದಿರುತ್ತದೆ. ಯೂರಿಯಾ ಚೀಲಗಳನ್ನು ಹೊಲಿದು ಕಟ್ಟಿದ ಪರದೆ ದೂಳು ತುಂಬಿ ತೊಟ್ಟಿಲಿನಂತೆ ಇಳಿದಿರುತ್ತದೆ. ತೆಂಗಿನ ಗರಿ, ಹುಲ್ಲು ಹೊದಿಸಿದ ಕಡೆ ಅದು ಕಪ್ಪಾಗಿ, ಒದ್ದೆಯಾಗಿ, ಅಲ್ಲಲ್ಲಿ ಇಲಿಯ ಓಡಾಟದ ದಾರಿ ಕಾಣುತ್ತದೆ. ಅದರ ನೇರ ಕೆಳಗೆ ಗೊಂತು. ಗೊಂತಿನಲ್ಲಿ ಹಿಂಡಿ, ಬೂಸಾ.

ಬೇಸಿಗೆ ಬರುತ್ತಿದೆ. ಸುಗ್ಗಿ ಮುಗಿದು ಕೈ ಬಿಡುವಾದವರು ಈ ತಿಂಗಳಲ್ಲೇ ಕೊಟ್ಟಿಗೆಯ ಮಾಡು ರಿಪೇರಿಗೆ ಕೈ ಹಾಕುತ್ತೀರಿ. ಹೊಸದು ಯಾವುದು ಹಾಕಬೇಕು, ಎಷ್ಟು ಖರ್ಚು ಎಂದು ತುಂಬ ಜನ ಕೇಳುತ್ತಾರೆ. ಹಳೆಯದನ್ನು ಹೇಗೆ ತೆಗೆಯಬೇಕು ಎಂದು ಕೇಳುವವರು ಕಡಿಮೆ. ಆದರೆ ರಾಸಿಗೂ ಮನೆಯವರಿಗೂ ಪೆಟ್ಟು ಬೀಳುವುದು ಹೆಚ್ಚಾಗಿ ಈ ತೆಗೆಯುವ ಎರಡು ದಿನದಲ್ಲಿ. ಅದಕ್ಕೇ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಈ ಸಮಸ್ಯೆ ಇಷ್ಟಿರಲಿಲ್ಲ. ಹುಲ್ಲಿನ ಮಾಡು, ಗರಿಯ ಮಾಡು, ಮಲೆನಾಡಿನಲ್ಲಾದರೆ ಅಡಕೆ ಸೋಗೆ. ವರ್ಷಕ್ಕೊಮ್ಮೆ, ತಪ್ಪಿದರೆ ಎರಡು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ ಇಡೀ ಮಾಡನ್ನು ಬಿಚ್ಚಿ ಹೊಸದು ಹೊದಿಸಲೇಬೇಕಿತ್ತು. ಹಳೆಯದು ತಿಪ್ಪೆಗೆ ಹೋಗಿ ಗೊಬ್ಬರವಾಗುತ್ತಿತ್ತು. ಇಲಿಗೆ ಒಂದು ವರ್ಷಕ್ಕಿಂತ ಹೆಚ್ಚು ಸಂಸಾರ ನಡೆಸಲು ಬಿಡುತ್ತಿರಲಿಲ್ಲ. ಈಗ ಶೀಟು, ಥರ್ಮಾಕೋಲು ಬಂದಮೇಲೆ ಹತ್ತು ಹದಿನೈದು ವರ್ಷ ಯಾರೂ ಮುಟ್ಟುವುದಿಲ್ಲ. ಬಾಳಿಕೆ ಬಂತು ಅಂದುಕೊಳ್ಳುತ್ತೇವೆ. ಬಾಳಿಕೆ ಬಂದಿರುವುದು ಶೀಟಿಗೆ. ಅದರ ಕೆಳಗಿನ ಹೊದಿಕೆಯ ಆಯಸ್ಸು ಎಂದೋ ಮುಗಿದಿರುತ್ತದೆ.

ಹೊದಿಕೆ ಸತ್ತಿದೆಯೋ ಬದುಕಿದೆಯೋ

ಬಿಸಿಲು ತಡೆಯುವ ಯಾವ ಹೊದಿಕೆಯಾದರೂ ಕೆಲಸ ಮಾಡುವುದು ತನ್ನೊಳಗೆ ಹಿಡಿದಿಟ್ಟುಕೊಂಡ ಗಾಳಿಯಿಂದ. ಹುಲ್ಲಿನ ಎಳೆಗಳ ನಡುವಿನ ಗಾಳಿ, ಥರ್ಮಾಕೋಲಿನ ಕಾಳುಗಳೊಳಗಿನ ಗಾಳಿ, ಕಂಬಳಿಯ ಉಣ್ಣೆಯ ನಡುವಿನ ಗಾಳಿ, ಎಲ್ಲದರ ಗುಟ್ಟೂ ಒಂದೇ. ಹುಲ್ಲು ನೆನೆದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಬಿಸಿಯನ್ನು ಸರಾಗವಾಗಿ ಕೆಳಗಿಳಿಸುತ್ತದೆ. ಹುಲ್ಲು ಕೊಳೆತು ಅಮುಕಿಕೊಂಡರೂ ಅಷ್ಟೆ. ಥರ್ಮಾಕೋಲನ್ನು ಇಲಿ, ಇರುವೆ ಕೊರೆದು ಜಾಲರಿ ಮಾಡಿದರೆ, ಹಾಳೆಗಳ ನಡುವೆ ಸಂದು ಬಿದ್ದರೆ, ಬಿಸಿಗಾಳಿ ಆ ಸಂದುಗಳಿಂದಲೇ ಇಳಿಯುತ್ತದೆ. ಆಗ ಅದು ಇದ್ದೂ ಇಲ್ಲದಂತೆ.

ಪರೀಕ್ಷೆ ಸುಲಭ. ಬಿಸಿಲಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಕೊಟ್ಟಿಗೆಗೆ ಹೋಗಿ, ಹೊದಿಕೆ ಚೆನ್ನಾಗಿರುವ ಜಾಗದ ಕೆಳಗೂ ಹಾಳಾದ ಜಾಗದ ಕೆಳಗೂ ಅಂಗೈ ಮೇಲೆ ಮಾಡಿ ಹಿಡಿಯಿರಿ. ಬಿಸಿಲಿಗೆ ಕಾದ ತಗಡು 50–60 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅದರ ಝಳ ಕೈಗೇ ತಿಳಿಯುತ್ತದೆ. ಅದಕ್ಕಿಂತ ಒಳ್ಳೆಯ ಮೀಟರ್ ನಿಮ್ಮ ಹಸುವೇ. ಅದರ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಆರಾಮಾಗಿರುವ ಹಸು ನಿಮಿಷಕ್ಕೆ 20–30 ಸಲ ಉಸಿರಾಡುತ್ತದೆ. 60 ದಾಟಿದರೆ ಅದು ಸೆಖೆಯಲ್ಲಿ ಕಷ್ಟಪಡುತ್ತಿದೆ. ಬಾಯಿ ತೆರೆದು ಜೊಲ್ಲು ಸುರಿಸುತ್ತಿದ್ದರೆ ಎಣಿಸುತ್ತ ಕೂರಬೇಡಿ, ಮೊದಲು ನೆರಳಿಗೆ ಕಟ್ಟಿ ಮೈಮೇಲೆ ನೀರು ಹಾಕಿ. ಎಚ್‌ಎಫ್ ಮಿಶ್ರತಳಿಗೆ ಸುಮಾರು 25 ಡಿಗ್ರಿವರೆಗೆ ಹಿತ. ಅದರ ಮೇಲೆ ಹೋದಂತೆ ಮೇವು ತಿನ್ನುವುದು, ಮೆಲುಕು ಹಾಕುವುದು ಕಡಿಮೆ, ಡೇರಿಯಲ್ಲಿ ಹಾಲೂ ಕಡಿಮೆ, ಫ್ಯಾಟೂ ಕಡಿಮೆ. ಬೆದೆ ಸರಿಯಾಗಿ ಕಾಣುವುದಿಲ್ಲ, ಕಟ್ಟಿಸಿದ್ದು ನಿಲ್ಲುವುದಿಲ್ಲ. ಆದ್ದರಿಂದ ಸತ್ತ ಹೊದಿಕೆಯನ್ನು ತೆಗೆದು ಹೊಸದು ಹಾಕುವುದು ದಂಡದ ಖರ್ಚಲ್ಲ. ತೆಗೆಯುವ ರೀತಿ ಸರಿಯಾಗಿರಬೇಕು, ಅಷ್ಟೆ.

ಒಂದೂವರೆ ಅಂಗುಲದ ತಂತಿ

ಕಳೆದ ವರ್ಷ ನಮ್ಮ ಮಾರ್ಗದ ಒಂದು ಊರಿನಿಂದ ತುರ್ತು ಕರೆ ಬಂತು. ಎರಡನೇ ಕರುವಿನ ಹಸು, ದಿನಕ್ಕೆ 14 ಲೀಟರ್ ಕೊಡುತ್ತಿದ್ದದ್ದು ಎರಡು ದಿನದಲ್ಲಿ 3 ಲೀಟರಿಗೆ ಇಳಿದಿತ್ತು. ಬೆನ್ನು ಕಮಾನು ಮಾಡಿ, ಮುಂಗಾಲಿನ ಮೊಣಕೈ ಹೊರಕ್ಕೆ ಅಗಲಿಸಿ ನಿಂತಿತ್ತು. ಅಂಗಳದಿಂದ ತಗ್ಗಿನ ಕಡೆ ಇಳಿಸಲು ನೋಡಿದರೆ ಕಾಲೂರಿ ನಿಂತುಬಿಟ್ಟಿತು. ಮಲಗುವಾಗ ನರಳು. ಜ್ವರ ಅಷ್ಟೇನಿಲ್ಲ. ಮನೆಯಾಕೆ ಹೇಳಿದರು, "ಡಾಕ್ಟ್ರೇ, ಮೇವೇನೂ ಬದಲಾಯಿಸಿಲ್ಲ. ಹದಿನೈದು ದಿನದ ಹಿಂದೆ ಮಾಡು ಬಿಚ್ಚಿಸಿದ್ದು ಬಿಟ್ಟರೆ ಬೇರೇನೂ ಆಗಿಲ್ಲ."

ಆ ಮಾತೇ ಸಾಕಾಯಿತು. ಪರದೆ, ಥರ್ಮಾಕೋಲ್ ಎಲ್ಲವನ್ನೂ ಬೈಂಡಿಂಗ್ ತಂತಿಯಲ್ಲಿ ಕಟ್ಟಿದ್ದರು. ಬಿಚ್ಚಲು ಬಂದವರು ಗಂಟು ಬಿಚ್ಚಲಿಲ್ಲ, ಕಟಿಂಗ್ ಪ್ಲೇಯರಿನಿಂದ ಪಟಪಟನೆ ಕತ್ತರಿಸಿದ್ದರು. ಕೆಳಗೆ ಗೊಂತಿನಲ್ಲಿ ರಾಗಿ ಹುಲ್ಲು ಹಾಗೇ ಇತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿದಾಗ ಒಂದೂವರೆ ಅಂಗುಲದ ತಂತಿ ಎರಡನೇ ಹೊಟ್ಟೆಯ ಗೋಡೆಗೆ ಚುಚ್ಚಿಕೊಂಡಿತ್ತು, ಜೊತೆಗೆ ಒಂದು ಬೊಗಸೆ ಥರ್ಮಾಕೋಲ್ ಚೂರು. ಹಸು ಉಳಿಯಿತು. ಆದರೆ ಆ ಸೂಲಿನಲ್ಲಿ ಮತ್ತೆ 8 ಲೀಟರ್ ದಾಟಲಿಲ್ಲ. ಆ ಮನೆಗೆ ಹಾಲಿನ ಬಟವಾಡೆಯೇ ವಾರದ ಸಂತೆಯ ದುಡ್ಡು.

ಆಡು ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ, ನಾಲಿಗೆಯಲ್ಲಿ ಎಳೆದುಕೊಂಡು ಸರಿಯಾಗಿ ಅಗಿಯದೆ ನುಂಗುತ್ತದೆ. ಆಮೇಲೆ ಮೆಲುಕು ಹಾಕಿದರಾಯಿತು ಎಂಬುದು ಅದರ ಸ್ವಭಾವ. ಭಾರದ ವಸ್ತು ಎರಡನೇ ಹೊಟ್ಟೆಯ ತಳಕ್ಕೆ ಹೋಗಿ ಕೂರುತ್ತದೆ. ಆ ಹೊಟ್ಟೆಯ ಮುಂದೆ ವಪೆ, ವಪೆಯ ಆಚೆಗೆ ಹೃದಯ. ತಂತಿ ಮುಂದಕ್ಕೆ ಸರಿದು ಹೃದಯದ ಚೀಲಕ್ಕೆ ಚುಚ್ಚಿದರೆ ಗಂಗೆದೊಗಲಿನಲ್ಲಿ, ಎದೆಯ ಕೆಳಗೆ ನೀರು ತುಂಬಿಕೊಳ್ಳುತ್ತದೆ. ಆ ಹಂತದಲ್ಲಿ ನಾವು ಮಾಡುವುದು ಹೆಚ್ಚೇನೂ ಇರುವುದಿಲ್ಲ. ಗಬ್ಬದ ಹಸುವಿನಲ್ಲಿ ಗರ್ಭದ ಒತ್ತಡವೂ ಸೇರಿ ತಂತಿ ಬೇಗ ಮುಂದಕ್ಕೆ ಹೋಗುತ್ತದೆ. ಏಳೆಂಟು ತಿಂಗಳ ಗಬ್ಬದ ರಾಸಿದ್ದರೆ ಈ ಕೆಲಸಕ್ಕೆ ಇನ್ನಷ್ಟು ಎಚ್ಚರ ಬೇಕು ಎಂದು ಹೇಳುವುದು ಇದಕ್ಕೇ.

ಮಾಡಬೇಕಾದದ್ದು ಕಷ್ಟದ್ದಲ್ಲ. ರಾಸುಗಳನ್ನು ಹೊರಗೆ ಮರದ ನೆರಳಿಗೆ ಕಟ್ಟಿ. ಒಂದು ಗಂಟೆಗಲ್ಲ, ಕೆಲಸ ಮುಗಿದು ಗುಡಿಸಿ ತೊಳೆಯುವವರೆಗೆ. ಗೊಂತು ಪೂರ್ತಿ ಖಾಲಿ ಮಾಡಿ, ಮೇಲೆ ಟಾರ್ಪಾಲು ಹಾಸಿ. ತಂತಿಯನ್ನು ಕತ್ತರಿಸದೆ ಗಂಟು ತಿರುವಿ ಬಿಚ್ಚಿಸಿ. ಬಿಚ್ಚಿದ್ದು, ಮೊಳೆ, ಸ್ಕ್ರೂ ಎಲ್ಲ ಸೊಂಟಕ್ಕೆ ಕಟ್ಟಿದ ಡಬ್ಬಿಗೆ ನೇರವಾಗಿ ಬೀಳಲಿ. ಕೊನೆಗೆ ಒಂದು ಉಪಾಯ: ಹಾಳಾದ ರೇಡಿಯೊ ಅಥವಾ ಟಿ.ವಿ. ಸ್ಪೀಕರಿನ ಹಿಂದೆ ಒಂದು ದಪ್ಪ ಅಯಸ್ಕಾಂತ ಇರುತ್ತದೆ. ಅದನ್ನು ಹಗ್ಗಕ್ಕೆ ಕಟ್ಟಿ ಕೊಟ್ಟಿಗೆಯ ನೆಲ, ಗೊಂತು, ಅಂಗಳ, ಹಸು ಓಡಾಡುವ ದಾರಿ ಎಲ್ಲ ಕಡೆ ಎಳೆದಾಡಿ. ಮಕ್ಕಳಿಗೆ ಕೊಟ್ಟರೆ ಆಟದಂತೆ ಮಾಡುತ್ತಾರೆ, ಆದರೆ ದೂಳೆಲ್ಲ ತೊಳೆದು ಹೋದಮೇಲೆ ಮಾತ್ರ. ಎಷ್ಟು ಮೊಳೆ ಅಂಟಿಕೊಂಡು ಬರುತ್ತದೆ ಎಂದು ನೀವೇ ನೋಡಿ. ತಾಮ್ರದ ವೈರು, ಅಲ್ಯುಮಿನಿಯಂ ಚೂರು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದನ್ನು ಕಣ್ಣಿನಿಂದಲೇ ಹುಡುಕಬೇಕು.

ಸೂರಿನಲ್ಲಿ ಸಿಕ್ಕಿಸಿಟ್ಟದ್ದು

ನಮ್ಮ ಮನೆಗಳಲ್ಲಿ ಎಸೆಯಲು ಮನಸ್ಸಿಲ್ಲದ್ದು, ಮಕ್ಕಳ ಕೈಗೆ ಸಿಗಬಾರದ್ದು ಎಲ್ಲವೂ ಸೂರಿಗೆ ಹೋಗುತ್ತದೆ. ಕುಡುಗೋಲು, ಬ್ಲೇಡು, ನಾವು ಇಂಜೆಕ್ಷನ್ ಕೊಟ್ಟು ಬಿಟ್ಟ ಸೂಜಿ, ಅರ್ಧ ಉಳಿದ ಔಷಧಿ ಬಾಟಲಿ. ಇಲಿ ಪಾಷಾಣದ ಪೊಟ್ಟಣ. ಎಷ್ಟೋ ಮನೆಗಳಲ್ಲಿ ಹಳೇ ಥಿಮೆಟ್ ಪೊಟ್ಟಣ. ಥಿಮೆಟ್ ಎಂದು ನಾವು ಕರೆಯುವ ಫೊರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ನಿಷೇಧವಾದದ್ದು ಅಂಗಡಿಯಲ್ಲಿ, ನಿಮ್ಮ ಸೂರಿನಲ್ಲಿರುವ ಪೊಟ್ಟಣಕ್ಕೆ ಅದು ಗೊತ್ತಿಲ್ಲ. ಪೊಟ್ಟಣ ಒಡೆದು ಸ್ವಲ್ಪ ಹರಳು ಗೊಂತಿಗೆ ಬಿದ್ದರೂ ಜೊಲ್ಲು ಸುರಿಯುವುದು, ಮೈ ನಡುಗುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ಒಂದರ ಹಿಂದೊಂದು ಬರುತ್ತವೆ. ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಆದರೆ ನಾವು ಬರುವಷ್ಟು ಹೊತ್ತು ಹಸು ತಡೆಯಬೇಕು.

ಆದ್ದರಿಂದ ಮಾಡು ಬಿಚ್ಚುವ ಹಿಂದಿನ ದಿನ ಮನೆಯ ಹಿರಿಯರೊಬ್ಬರು ಟಾರ್ಚ್ ಹಿಡಿದು ಸೂರಿನ ಸುತ್ತ ಒಂದು ಸುತ್ತು ಹಾಕಿ, ಸಿಕ್ಕಿಸಿದ್ದೆಲ್ಲವನ್ನೂ ಕೈಗವಸು ಹಾಕಿಕೊಂಡು ತೆಗೆದುಬಿಡಿ. ಕೂಲಿಯವರಿಗೆ ನಿಮ್ಮ ಮನೆಯ ಸೂರಿನಲ್ಲಿ ಏನಿದೆ ಎಂದು ತಿಳಿದಿರುವುದಿಲ್ಲ.

ಗೊಬ್ಬರದ ಚೀಲದ ಪರದೆಗೂ ಇದೇ ಮಾತು. ಯೂರಿಯಾ ಚೀಲಕ್ಕೆ ಉಪ್ಪಿನ ರುಚಿ ಅಂಟಿರುತ್ತದೆ, ಕೆಳಗೆ ಬಿದ್ದರೆ ಹಸು ನೆಕ್ಕುತ್ತದೆ, ಅಗಿಯುತ್ತದೆ. ಬಿಚ್ಚಿದ ತಕ್ಷಣ ಸುತ್ತಿ ಹಸುವಿಗೆ ಸಿಗದ ಕಡೆ ಇಡಿ.

ಇಲಿ, ದೂಳು, ಉಣ್ಣೆ

ಹೊದಿಕೆಯೊಳಗೆ ಇಲಿ ಇದ್ದಲ್ಲಿ ಇಲಿಯ ಮೂತ್ರವೂ ಇರುತ್ತದೆ. ಅದರಲ್ಲಿ ಲೆಪ್ಟೋಸ್ಪೈರಾ ಎಂಬ ರೋಗಾಣು ಇರಬಹುದು. ಒಣಗಿಸಿದರೆ, ಬಿಸಿಲು ಬಿದ್ದರೆ ಸಾಯುತ್ತದೆ. ಒದ್ದೆ ಜಾಗದಲ್ಲಾದರೆ ವಾರಗಟ್ಟಲೆ ಬದುಕುತ್ತದೆ. ಹಸುವಿಗೆ ಬಂದರೆ ಇದ್ದಕ್ಕಿದ್ದಂತೆ ಹಾಲು ಇಳಿಯುತ್ತದೆ. ಕೆಚ್ಚಲು ಬಾವಿನಂತೆ ಗಟ್ಟಿಯಾಗದೆ ಮೆತ್ತಗೇ ಇದ್ದು, ನಾಲ್ಕೂ ಮೊಲೆಯಲ್ಲಿ ಹಳದಿ ಅಥವಾ ಕೆಂಪು ಛಾಯೆಯ ಹಾಲು ಬರುತ್ತದೆ. ಗಬ್ಬದ ಹಸು ತಿಂಗಳು ತುಂಬುವ ಹೊತ್ತಿಗೆ ಕಂದು ಹಾಕಬಹುದು. ಮನುಷ್ಯರಲ್ಲಿ ಇದೇ ಇಲಿ ಜ್ವರ: ಜೋರು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು, ಕೆಲವರಿಗೆ ಕಾಮಾಲೆ. ಮಾಡು ಬಿಚ್ಚಿದ ಎರಡು ಮೂರು ವಾರದೊಳಗೆ ಮನೆಯಲ್ಲಿ ಯಾರಿಗಾದರೂ ಇಂಥ ಜ್ವರ ಬಂದರೆ ವೈದ್ಯರ ಬಳಿ "ಇಲಿ ಇದ್ದ ಕೊಟ್ಟಿಗೆ ಸ್ವಚ್ಛ ಮಾಡಿದ್ದೆ" ಎಂಬ ಒಂದು ಮಾತು ಹೇಳಿ. ಆ ಒಂದು ಮಾತಿನಿಂದ ಚಿಕಿತ್ಸೆ ಬೇಗ ಶುರುವಾಗುತ್ತದೆ. ಕೈಕಾಲಿನಲ್ಲಿ ಗಾಯ ಇದ್ದವರು ಮುಚ್ಚಿಕೊಂಡು, ಕೈಗವಸು, ಗಮ್‌ಬೂಟು ಹಾಕಿಯೇ ಈ ಕೆಲಸಕ್ಕೆ ಇಳಿಯಬೇಕು. ಬಸುರಿಯರು ಆ ದಿನ ಕೊಟ್ಟಿಗೆಯ ಕಡೆ ಬರುವುದು ಬೇಡ.

ಬೂಷ್ಟು ಹಿಡಿದ ಹುಲ್ಲಿನ ದೂಳು ಇನ್ನೊಂದು ತಲೆನೋವು. ಬೆಳಿಗ್ಗೆ ಕೆಲಸ ಮಾಡಿದವರಿಗೆ ಸಂಜೆಗೆ ಚಳಿ ಜ್ವರ, ಒಣ ಕೆಮ್ಮು, ಎದೆ ಬಿಗಿತ ಬಂದು ಒಂದೆರಡು ದಿನದಲ್ಲಿ ಹೋಗುತ್ತದೆ. ನೆಗಡಿ ಅಂದುಕೊಳ್ಳುತ್ತಾರೆ. ಮತ್ತೆ ಮತ್ತೆ ಹೀಗಾದರೆ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಇಂಗ್ಲೆಂಡಿನ ರೈತರಲ್ಲಿ ಇದನ್ನು 1932ರಲ್ಲೇ ಗುರುತಿಸಿದ್ದರು, ಇದಕ್ಕೆ ವೈದ್ಯರ ಪುಸ್ತಕದಲ್ಲಿ ರೈತನ ಶ್ವಾಸಕೋಶ ಎಂದೇ ಹೆಸರು. ಹುಲ್ಲಿನ ಮೇಲೆ ಹಿಂದಿನ ಸಂಜೆ ನೀರು ಚಿಮುಕಿಸಿಟ್ಟರೆ ದೂಳು ಏಳುವುದಿಲ್ಲ. ಮುಖಕ್ಕೆ ಎನ್-95 ಮಾಸ್ಕ್ ಇರಲಿ, ಟವೆಲ್ ಸಾಲದು.

ಒಂದು ಕಟ್ಟುನಿಟ್ಟಿನ ಮಾತು. ಮಾಡಿನಿಂದ ಇಳಿಸಿದ ಹುಲ್ಲು ನೋಡಲು ಎಷ್ಟೇ ಚೆನ್ನಾಗಿರಲಿ, ಹಸುವಿಗೆ ಹಾಕಬೇಡಿ, ಕರುವಿನ ಕೆಳಗೂ ಹಾಸಬೇಡಿ. ಮೇವಿಲ್ಲದ ಬೇಸಿಗೆಯಲ್ಲಿ ಆಸೆಯಾಗುತ್ತದೆ, ನನಗೆ ಗೊತ್ತು. ಬೂಷ್ಟಿನಿಂದ ಹಸು ಕಂದು ಹಾಕುವುದುಂಟು. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಲ್ಲಿ ಬಾಲದ ತುದಿ, ಕಿವಿಯ ಅಂಚು, ಗೊರಸಿನ ಸುತ್ತ ಚರ್ಮ ಕೊಳೆತು ಉದುರುವ ಡೆಗ್ನಾಲಾ ಕಾಯಿಲೆ ಬರುತ್ತದೆ. ಅದನ್ನೆಲ್ಲ ತಿಪ್ಪೆಗೆ ಹಾಕಿ ಸಗಣಿ ಬಗ್ಗಡ ಸುರಿಯಿರಿ. ತಿಪ್ಪೆ ಒಳಗೊಳಗೇ ಕಾದು ರೋಗಾಣುಗಳನ್ನು ಕೊಲ್ಲುತ್ತದೆ, ಗೊಬ್ಬರವೂ ಆಗುತ್ತದೆ.

ಉಣ್ಣೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಥೈಲೇರಿಯಾ ಹರಡುವ ಉಣ್ಣೆ ಹಸುವಿನ ಮೈಮೇಲೆ ಮಾತ್ರ ಇರುವುದಿಲ್ಲ, ಗೋಡೆಯ ಬಿರುಕು, ತೊಲೆಯ ಸಂದು, ಗೋಡೆ ಮತ್ತು ಮಾಡು ಕೂಡುವ ಜಾಗದಲ್ಲಿ ಅಡಗಿರುತ್ತದೆ. ಮಾಡು ಬಿಚ್ಚಿದ ದಿನ ಆ ಸಂದುಗಳೆಲ್ಲ ಕಣ್ಣಿಗೆ ಬೀಳುತ್ತವೆ. ವರ್ಷದಲ್ಲಿ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಕೆರೆದು, ಸಿಮೆಂಟಿನಿಂದ ಸಂದು ಮುಚ್ಚಿ, ಸುಣ್ಣ ಬಳಿಯಿರಿ. ಉಣ್ಣೆಯ ಔಷಧಿ ಗೋಡೆಗೆ ಸಿಂಪಡಿಸುವುದಾದರೆ ಸಂಘದ ಪಶುವೈದ್ಯರನ್ನು ಕೇಳಿ ಅಳತೆಯಲ್ಲಿ ಬೆರೆಸಿ, ಗೊಂತಿಗೆ ತಾಗದಂತೆ. ಹಾವು ಚೇಳಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಇಲಿ ಇದ್ದಲ್ಲಿ ಹಾವು ಇದ್ದೇ ಇರುತ್ತದೆ. ಹೊದಿಕೆಯೊಳಗೆ ಬರಿಗೈ ಹಾಕದೆ ಕೋಲಿನಿಂದ ಎತ್ತಿ.

ಥರ್ಮಾಕೋಲನ್ನು ಸುಡಬೇಡಿ

ಹಳೇ ಥರ್ಮಾಕೋಲನ್ನು ಮುರಿದರೆ ಕಾಳು ಕಾಳಾಗಿ ಊರೆಲ್ಲ ಹಾರುತ್ತದೆ. ಹಸುವಿನ ಹೊಟ್ಟೆಗೆ ಹೋದರೆ ಕರಗುವುದಿಲ್ಲ, ಪ್ಲಾಸ್ಟಿಕ್ಕಿನಂತೆ ಅಲ್ಲೇ ಸೇರಿಕೊಳ್ಳುತ್ತದೆ. ಹಾಳೆ ಹಾಳೆಯಾಗಿ ಇಳಿಸಿ ಅಲ್ಲೇ ದೊಡ್ಡ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಗಾಳಿ ಇಲ್ಲದ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು. ಹೊಲದ ಬದುವಿನಲ್ಲಿ ಬೆಂಕಿ ಹಚ್ಚಿದರೆ ಎದ್ದು ಬರುವ ಕಪ್ಪು ಹೊಗೆ ವಿಷ. ಒಣಹುಲ್ಲಿನ ಬಣವೆ ಪಕ್ಕದಲ್ಲಿದ್ದರಂತೂ ಕೇಳಬೇಕೇ. ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ಇನ್ನೊಂದು ವಿಷಯ ಎಲೆಕ್ಟ್ರಿಷಿಯನ್‌ಗಳಿಗೆ ಗೊತ್ತು, ನಮಗೆ ಗೊತ್ತಿರುವುದಿಲ್ಲ. ಪಿವಿಸಿ ವೈರು ವರ್ಷಗಟ್ಟಲೆ ಥರ್ಮಾಕೋಲಿಗೆ ತಾಗಿಕೊಂಡಿದ್ದರೆ ವೈರಿನ ಮೇಲಿನ ಪದರ ಗಡುಸಾಗಿ ಬಿರುಕು ಬಿಡುತ್ತದೆ. ಅದರ ಮೇಲೆ ಇಲಿಯ ಹಲ್ಲು ಬೇರೆ. ಬಲ್ಬು, ಫ್ಯಾನು, ಹಾಲು ಕರೆಯುವ ಯಂತ್ರದ ವೈರು ಹೊದಿಕೆಯೊಳಗೆ ಹೋಗಿದ್ದರೆ ಮೇನ್ ಆರಿಸದೆ ಮುಟ್ಟಬೇಡಿ. ಒದ್ದೆ ನೆಲ, ಕಬ್ಬಿಣದ ಸರಪಳಿ, ನಾಲ್ಕು ಕಾಲು: ನಮಗೆ ಬರೀ ಚುರುಕ್ ಎನ್ನುವ ಕರೆಂಟಿಗೆ ಹಸು ಅಲ್ಲೇ ಬೀಳುತ್ತದೆ. ಹೊಸ ಹೊದಿಕೆ ಹಾಕುವಾಗ ವೈರನ್ನು ಪೈಪಿನಲ್ಲಿ ಹಾಕಿಸಿ.

ಸಿಮೆಂಟ್ ಶೀಟು ಇರುವವರಿಗೆ

ಇದು ಕೊಂಚ ದೊಡ್ಡ ಮಾತು. ತಗಡಿಗಿಂತ ತಂಪು ಎಂದು ಎಷ್ಟೋ ಕೊಟ್ಟಿಗೆಗಳಿಗೆ, ಮನೆಗಳಿಗೆ ಬೂದು ಬಣ್ಣದ ಅಲೆಅಲೆ ಸಿಮೆಂಟ್ ಶೀಟು ಹಾಕಿದ್ದೇವೆ. ಅದರಲ್ಲಿ ಸಿಮೆಂಟಿನ ಜೊತೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಸುಮಾರು ಶೇ. 10ರಷ್ಟು ಇರುತ್ತದೆ. ಕಲ್ನಾರಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಿಂದ ಹೊರಬರುವುದಿಲ್ಲ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಯಿಲೆ ಕಾಣಿಸಿಕೊಳ್ಳಲು 20, 30, 40 ವರ್ಷವೂ ಹಿಡಿಯುತ್ತದೆ. ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರಿನ ಕಾರ್ಖಾನೆಗಳಿಗೆ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ, ಅಥವಾ ನಿವೃತ್ತಿಯಾಗಿ 15 ವರ್ಷದವರೆಗೆ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶ ಮಾಡಿತು. ಅಷ್ಟು ನಿಧಾನದ ಕಾಯಿಲೆ ಇದು. ಆಸ್ಟ್ರೇಲಿಯಾ, ಯುರೋಪಿನ ದೇಶಗಳು, ಜಪಾನ್ ಇದನ್ನು ನಿಲ್ಲಿಸಿವೆ. ನಮ್ಮಲ್ಲಿ ಹೊರಗಿನಿಂದ ಬರುವ ಬಿಳಿ ಕಲ್ನಾರಿನಿಂದ ಶೀಟು ಈಗಲೂ ತಯಾರಾಗುತ್ತದೆ.

ಹಸುವಿನ ಆಯಸ್ಸಿಗೆ ಈ ಕಾಯಿಲೆ ಮುಟ್ಟುವುದು ಕಷ್ಟ, ಆದ್ದರಿಂದ ಇಲ್ಲಿ ನನಗೆ ಚಿಂತೆ ನಿಮ್ಮದು. ದಿನಕ್ಕೆರಡು ಹೊತ್ತು ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುವ ಅಕ್ಕಂದಿರದ್ದು, ಪಕ್ಕದಲ್ಲಿ ಆಡುವ ಮಕ್ಕಳದ್ದು.

ಹಾಗೆಂದು ಗಾಬರಿಯಾಗಿ ನಾಳೆಯೇ ಕಿತ್ತುಹಾಕಬೇಡಿ. ಗಟ್ಟಿಯಾಗಿರುವ, ಬಿರುಕಿಲ್ಲದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಸಿಕ್ಕಿಕೊಂಡಿರುತ್ತವೆ. ಅದು ಗಾಳಿಗೆ ಬರುವುದು ಒಡೆದಾಗ, ಕತ್ತರಿಸಿದಾಗ, ತೂತು ಕೊರೆದಾಗ, ಉಜ್ಜಿದಾಗ. ಶೀಟು ಚೆನ್ನಾಗಿದ್ದರೆ ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಪಾಚಿ ಕಟ್ಟಿದೆ ಎಂದು ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಪ್ರೆಷರ್ ಪಂಪಿನಿಂದ ತೊಳೆಯಬೇಡಿ. ಮೇಲೆ ಸುಣ್ಣ ಅಥವಾ ಬಿಳಿ ಬಣ್ಣ ಸಿಂಪಡಿಸಿದರೆ ಎಳೆಯೂ ಹಿಡಿದಿರುತ್ತದೆ, ಬಿಸಿಲೂ ಕಡಿಮೆಯಾಗುತ್ತದೆ.

ಒಡೆದಿದ್ದರೆ, ಅಂಚು ಪುಡಿ ಪುಡಿಯಾಗಿ ಉದುರುತ್ತಿದ್ದರೆ ತೆಗೆಯಲೇಬೇಕು. ಕಲ್ನಾರು ಇದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ, ಹಳೇ ಶೀಟಾದರೆ ಇದೆ ಎಂದೇ ಭಾವಿಸಿ. ಮೊದಲು ಎರಡೂ ಕಡೆ ನೀರು ಚಿಮುಕಿಸಿ ಪೂರ್ತಿ ಒದ್ದೆ ಮಾಡಿ, ಕೆಲಸ ಮುಗಿಯುವವರೆಗೂ ಒದ್ದೆಯಾಗಿಡಿ. ತುಕ್ಕು ಹಿಡಿದ ಜೆ ಬೋಲ್ಟಿಗೆ ಎಣ್ಣೆ ಬಿಟ್ಟು ತಿರುಗಿಸಿ. ತಿರುಗದಿದ್ದರೆ ಬೋಲ್ಟನ್ನು ಕತ್ತರಿಸಿ, ಶೀಟನ್ನು ಬಡಿದು ಒಡೆಯಬೇಡಿ. ಗ್ರೈಂಡರ್ ಮಿಷನ್ ಅಂತೂ ಬೇಡವೇ ಬೇಡ. ಹತ್ತು ಅಡಿಯ ಒಂದು ಶೀಟು 40 ಕಿಲೋ ಆಸುಪಾಸು ತೂಗುತ್ತದೆ, ಒಬ್ಬರಿಂದ ಆಗದು. ಮೇಲಿನಿಂದ ಎಸೆಯದೆ ಇಬ್ಬರು ಮೂವರು ಕೈಯಲ್ಲಿ ಹಿಡಿದು ಇಳಿಸಿ. ಇಲ್ಲಿ ಎನ್-95 ಸಾಲದು, ಪಿ-100 ಅಥವಾ ಎಫ್‌ಎಫ್‌ಪಿ-3 ಎಂದು ಬರೆದ ಮಾಸ್ಕ್ ಬೇಕು. ಪಟ್ಟಣದ ಹಾರ್ಡ್‌ವೇರ್, ಸುರಕ್ಷತಾ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಕೆಳಗೆ ಬಿದ್ದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ. ಕೆಲಸದ ಬಟ್ಟೆಯನ್ನು ಕೊಡವದೆ ಬೇರೆಯಾಗಿ ನೆನೆಸಿ ಒಗೆದು, ಸ್ನಾನ ಮಾಡಿದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಿ.

ಕ್ಯಾನ್ಸರಿಗಿಂತ ಬೇಗ ಬರುವ ಅಪಾಯ ಬೀಳುವುದು. ಹಳೇ ಸಿಮೆಂಟ್ ಶೀಟು ಆರು ಮಿಲಿಮೀಟರ್ ದಪ್ಪದ ಹಪ್ಪಳ. ನೋಡಲು ಗಟ್ಟಿ, ಕಾಲಿಟ್ಟರೆ ಕೆಳಗೆ. ಶೀಟಿನ ಮೇಲೆ ನೇರ ಕಾಲಿಡದೆ, ಕೆಳಗಿನ ಅಡ್ಡ ತೊಲೆಗಳ ಮೇಲೆ ಭಾರ ಬೀಳುವಂತೆ ಉದ್ದ ಹಲಗೆ ಹಾಸಿ, ಅದರ ಮೇಲೆ ಕೂತು ಕೆಲಸ ಮಾಡಿ. ಸಾಧ್ಯವಿದ್ದರೆ ಕೆಳಗಿನಿಂದ ಏಣಿ, ಸಾರ್ವೆ ಕಟ್ಟಿ ಬಿಚ್ಚಿಸಿ. ಹೀಗೆ ಬಿದ್ದು ಸೊಂಟ ಮುರಿದುಕೊಂಡ ಒಬ್ಬರ ಮನೆಯಲ್ಲಿ ನಾಲ್ಕು ಹಸುಗಳಲ್ಲಿ ಎರಡನ್ನು ಮಾರಿದ್ದನ್ನು ಕಂಡಿದ್ದೇನೆ. ನೋಡಿಕೊಳ್ಳುವವರಿಲ್ಲದೆ.

ತೆಗೆದ ಶೀಟನ್ನು ಏನು ಮಾಡುವುದು? ಕಲ್ನಾರಿನ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಅಂಥದ್ದನ್ನು ಹೂಳುವ ಘಟಕ ದಾಬಸ್‌ಪೇಟೆಯ ಬಳಿ ಇದೆ. ಹತ್ತು ಶೀಟಿಗಾಗಿ ನೀವು ಅಲ್ಲಿಗೆ ಲಾರಿ ಕಳಿಸುವುದು ಆಗದ ಮಾತು ಎಂದು ನನಗೂ ಗೊತ್ತು. ಊರಿನಲ್ಲಿ ನಾಲ್ಕಾರು ಮನೆಯವರು ಒಟ್ಟಿಗೆ ತೆಗೆಸುವುದಾದರೆ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟು ದಾರಿ ಕೇಳಿ. ಅಲ್ಲಿಯವರೆಗೆ ಇಡೀ ಶೀಟುಗಳನ್ನು ಒಂದರ ಮೇಲೊಂದು ಜೋಡಿಸಿ, ದಪ್ಪ ಪ್ಲಾಸ್ಟಿಕ್ ಹೊದಿಸಿ, ಜನ ಜಾನುವಾರು ಓಡಾಡದ ಮೂಲೆಯಲ್ಲಿಡಿ. ಒಡೆದು ಕೊಟ್ಟಿಗೆಯ ನೆಲಕ್ಕೆ ತುಂಬುವುದು, ಅಂಗಳದ ಕೆಸರಿಗೆ ಹಾಸುವುದು, ಬಚ್ಚಲ ನೀರಿನ ಕಾಲುವೆಗೆ ಮುಚ್ಚುವುದು ನಮ್ಮಲ್ಲಿ ವಾಡಿಕೆ. ದಿನಾ ತುಳಿದು ತುಳಿದು ಅದೇ ಪುಡಿಯಾಗಿ ಏಳುತ್ತದೆ. ದಯವಿಟ್ಟು ಬೇಡ.

ಮತ್ತೆ ಹೊದಿಸುವಾಗ

ಹೊಸದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮ್ಮ ಜೇಬಿಗೆ ಬಿಟ್ಟದ್ದು. ನನ್ನ ಅನುಭವದಲ್ಲಿ ಹೊದಿಕೆ ಶೀಟಿನ ಕೆಳಗಿರುವುದಕ್ಕಿಂತ ಮೇಲಿರುವುದು ಲೇಸು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಬಿಸಿಲು ಶೀಟಿಗೇ ತಾಗುವುದಿಲ್ಲ, ಕಸ ಗೊಂತಿಗೆ ಬೀಳುವುದಿಲ್ಲ, ವರ್ಷಕ್ಕೊಮ್ಮೆ ಎಳೆದು ತಿಪ್ಪೆಗೆ ಹಾಕಬಹುದು. ತಂತಿಯ ಬದಲು ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ. ಕೆಳಗೆ ಬಿದ್ದರೂ ಹಸುವಿನ ಹೊಟ್ಟೆಗೆ ಚುಚ್ಚುವುದಿಲ್ಲ. ಹಸಿರು ನೆರಳು ಬಲೆಯನ್ನು ಶೀಟಿನಿಂದ ಒಂದು ಅಡಿ ಮೇಲೆ ಎಳೆದು ಕಟ್ಟಿದರೂ ಚೆನ್ನ. ಸೋರೆ, ಹೀರೆ, ಪಡವಲದ ಬಳ್ಳಿ ಹಬ್ಬಿಸಿದರೆ ನೆರಳಿಗೆ ನೆರಳು, ಸಾರಿಗೆ ಕಾಯಿ. ಕೆಳಗೇ ಹಾಕಬೇಕೆಂದಿದ್ದರೆ ಥರ್ಮಾಕೋಲನ್ನು ತೆರೆದು ಬಿಡದೆ ಹಲಗೆ ಅಥವಾ ತಗಡಿನ ಮುಚ್ಚಿಗೆ ಹಾಕಿಸಿ, ಅಂಚುಗಳಲ್ಲಿ ಇಲಿ ನುಗ್ಗದಂತೆ ಬಿಗಿ ಮಾಡಿಸಿ. ಪಫ್ ಶೀಟು ಹಾಕಿಸುವವರಿಗೂ ಅಂಚಿನ ಮಾತು ಅನ್ವಯಿಸುತ್ತದೆ. ಎಷ್ಟೇ ಒಳ್ಳೆಯ ಹೊದಿಕೆ ಇದ್ದರೂ ಸೂರು ತಲೆಗೆ ತಾಗುವಂತಿದ್ದರೆ, ನಾಲ್ಕೂ ಕಡೆ ಗೋಡೆ ಕಟ್ಟಿದ್ದರೆ ಉಪಯೋಗವಿಲ್ಲ. ಸೂರಿನ ಬಳಿ ಕನಿಷ್ಠ ಎಂಟು ಅಡಿ ಎತ್ತರ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸಂದು ಇರಲಿ.

ದಿನ ನೋಡುವಾಗ ಪಂಚಾಂಗದ ಜೊತೆ ಹಸುವಿನ ಲೆಕ್ಕವನ್ನೂ ನೋಡಿ. ಕರು ಹಾಕಲು ಹದಿನೈದು ದಿನ ಇರುವ, ಹಾಕಿ ಹತ್ತು ದಿನ ಆಗದ ಹಸುವನ್ನು ಜಾಗ ಬದಲಾಯಿಸಿ ದೂಳಿಗೆ ಒಡ್ಡಬೇಡಿ. ಬೆಳಗಿನ ಹಾಲು ಡೇರಿಗೆ ಹೋದಮೇಲೆ ಕೆಲಸ ಶುರು ಮಾಡಿ. ಕ್ಯಾನು, ಬಕೆಟ್ಟು, ಸೋಸುವ ಬಟ್ಟೆ ಮನೆಯೊಳಗಿಡಿ. ಸಂಜೆಯ ಹಾಲನ್ನು ಹೊರಗೆ, ಕಟ್ಟಿದ ಜಾಗದಲ್ಲೇ ಕರೆಯಿರಿ. ಕೊಟ್ಟಿಗೆಯ ನೆಲ, ಗೊಂತು ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹಾಕಿ, ಅರ್ಧ ಗಂಟೆ ಬಿಟ್ಟು ಮತ್ತೆ ತೊಳೆದು, ಒಂದು ದಿನ ಬಿಸಿಲು ಗಾಳಿಗೆ ಒಣಗಲು ಬಿಡಿ. ಹಸುಗಳನ್ನು ಒಳಗೆ ಕಟ್ಟುವ ಮೊದಲು ಗೊಂತಿನ ನಾಲ್ಕೂ ಮೂಲೆಯಲ್ಲಿ ಕೈಗವಸು ಹಾಕಿದ ಕೈಯಾಡಿಸಿ ನೋಡಿ. ಮುಂದಿನ ಮೂರು ವಾರ ಯಾವ ಹಸುವಾದರೂ ಮೇವು ಬಿಟ್ಟರೆ, ಹಾಲು ಥಟ್ಟನೆ ಇಳಿದರೆ, ಇಳಿಜಾರಿಗೆ ಕಾಲಿಡಲು ಹಿಂಜರಿದರೆ ಅಜೀರ್ಣದ ಪುಡಿ ಕೊಟ್ಟು ಕಾಯಬೇಡಿ. ಸಂಘದ ಕಾರ್ಯದರ್ಶಿಯವರ ಬಳಿ ಕರೆ ಬರೆಸಿ, ಮಾಡು ಬಿಚ್ಚಿದ ತಾರೀಖನ್ನೂ ಜೊತೆಗೆ ಹೇಳಿ.